ಅಂಚು ದಾಟಿದ ಹಗ್ಗ

"ಮದರ್, ಒಬ್ಬರ ಒಳಿತಿಗಾಗಿ ಸುಳ್ಳು ಹೇಳಿದರೆ ಅದೂ ಪಾಪವೇ?"

ತೆಕ್ಲಾ ಮೇಣದ ಕೋಣೆಯ ಬಾಗಿಲಲ್ಲಿ ನಿಂತು ಈ ಪ್ರಶ್ನೆ ಕೇಳಿದಳು. ಅವಳು ಕಾನ್ವೆಂಟಿಗೆ ಸೇರಿದ್ದರೂ ಇನ್ನೂ ವ್ರತ ಸ್ವೀಕರಿಸದ ಹುಡುಗಿ. ಮೇಣದಬತ್ತಿಗಳನ್ನು ಮಂತ್ರಿಸುವ ಹಬ್ಬ ಹತ್ತಿರ ಬಂದಿತ್ತು. ಮದರ್ ಕ್ಲೋತಿಲ್ದಾ ಒಲೆಯ ಮುಂದೆ ಕುಳಿತು ನೂಲಿನ ಬತ್ತಿಗಳನ್ನು ಕರಗಿದ ಮೇಣದಲ್ಲಿ ಅದ್ದಿ, ಎತ್ತಿ, ಒಣಗಲು ತೂಗುಹಾಕುತ್ತಿದ್ದರು. ಹೊರಗೆ ಸಂಜೆಯ ಮಂಜು ಬೆಟ್ಟದಿಂದ ಇಳಿದು ಅಂಗಳವನ್ನು ಅಳಿಸಿಹಾಕಿತ್ತು.

"ಯಾರ ಒಳಿತು?" ಎಂದು ಮದರ್ ತಲೆಯೆತ್ತದೆ ಕೇಳಿದರು.

"ಅಗಾತಮ್ಮನ ಒಳಿತು."

ಸಿಸ್ಟರ್ ಅಗಾತ ಆ ಮನೆಯಲ್ಲಿ ಎಲ್ಲರಿಗಿಂತ ಹಿರಿಯರು. ಬಲಿಪೀಠಕ್ಕೆ ಹಾಸುವ ಬಿಳಿಯ ಬಟ್ಟೆಗಳ ಅಂಚು ಹೊಲಿಯುವುದು ಅವರು ಪ್ರಾಯದಿಂದಲೂ ಮಾಡುತ್ತ ಬಂದ ಕೆಲಸ. ಈಗ ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಆಪರೇಷನ್ ಮಾಡಿದರೆ ದೃಷ್ಟಿ ಮರಳುತ್ತದೆ, ಇನ್ನೂ ತಡಮಾಡಿದರೆ ಮರಳುವುದಿಲ್ಲ ಎಂದು ಪಟ್ಟಣದ ಡಾಕ್ಟರು ಹೇಳಿದ್ದರು. ಮರುದಿನ ಬೆಳಿಗ್ಗೆ ಕಾನ್ವೆಂಟಿನ ಜೀಪು ಅವರ ಆಸ್ಪತ್ರೆಗೆ ಹೋಗುವುದಿತ್ತು. ಡಾಕ್ಟರ ಮಾತನ್ನು ಅಗಾತಮ್ಮನಿಗೆ ಮುಟ್ಟಿಸಿದವಳು ತೆಕ್ಲಾ. ಅಗಾತಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಅವಳ ಕೆನ್ನೆ ಸವರಿ, "ನೀನು ಒಳ್ಳೆಯವಳು, ಮಗಳೇ," ಎಂದಿದ್ದರು. ಆಮೇಲೆ, ನಾನು ಬರುವುದಿಲ್ಲ ಎಂದಿದ್ದರು.

"ಅವರಿಗೆ ಕತ್ತರಿಯ ಭಯ, ಮದರ್. ಜೀಪು ಮಾತೆಯ ಪುಣ್ಯಕ್ಷೇತ್ರಕ್ಕೆ ಹೋಗುತ್ತದೆ ಎಂದರೆ ಹತ್ತಿ ಕೂರುತ್ತಾರೆ. ಆಸ್ಪತ್ರೆ ಮುಟ್ಟಿದ ಮೇಲೆ ಹೇಗೋ ಒಪ್ಪಿಸಬಹುದು. ನೀವು ಹೂಂ ಎಂದರೆ ಸಾಕು."

"ನಾನು ಹೂಂ ಎಂದರೆ ಪಾಪ ನನ್ನದಾಗುತ್ತದೆ, ಪುಣ್ಯ ನಿನಗುಳಿಯುತ್ತದೆ. ಜಾಣೆ."

ತೆಕ್ಲಾ ನಗಲಿಲ್ಲ. "ಈಜಿಪ್ಟಿನ ಸೂಲಗಿತ್ತಿಯರೂ ಸುಳ್ಳು ಹೇಳಿದರಲ್ಲ. ಗಂಡು ಕೂಸುಗಳನ್ನು ಕೊಲ್ಲಿರಿ ಎಂದ ರಾಜನಿಗೆ, ನಾವು ಹೋಗುವಷ್ಟರಲ್ಲಿ ಹೆರಿಗೆ ಆಗಿಬಿಟ್ಟಿರುತ್ತದೆ ಎಂದರು. ದೇವರು ಅವರನ್ನು ಹರಸಲಿಲ್ಲವೇ?"

"ಅವರು ಸುಳ್ಳು ಹೇಳಿದ್ದು ರಾಜನಿಗೆ. ಬಾಣಂತಿಯರಿಗಲ್ಲ."

ಮದರಿಗೆ ಹೇಳದ ಇನ್ನೊಂದು ಸಂಗತಿ ತೆಕ್ಲಾಳ ಮನಸ್ಸಿನಲ್ಲಿತ್ತು. ಕಳೆದ ಮಳೆಗಾಲದಿಂದ ಅಗಾತಮ್ಮನ ಹೊಲಿಗೆ ಅಂಚು ಬಿಟ್ಟು ಅಲೆಯತೊಡಗಿತ್ತು. ಮಧ್ಯಾಹ್ನ ಅವರು ಮಲಗಿದಾಗ ತೆಕ್ಲಾ ಆ ಹೊಲಿಗೆಯನ್ನು ಬಿಚ್ಚಿ, ತಾನೇ ನೇರವಾಗಿ ಹೊಲಿದು, ಬಟ್ಟೆಯನ್ನು ಮೊದಲಿನಂತೆ ಮಡಿಸಿ ಅವರ ಬುಟ್ಟಿಯಲ್ಲಿಡುತ್ತಿದ್ದಳು. "ನೇರ ಬಂದಿದೆಯೇ, ಮಗಳೇ?" ಎಂದು ಅವರು ಕೇಳುತ್ತಿದ್ದರು. "ನಿಮ್ಮ ಕೈ ತಪ್ಪುವುದುಂಟೇ, ಸಿಸ್ಟರ್?" ಎಂದು ಇವಳು ಹೇಳುತ್ತಿದ್ದಳು. ಇದನ್ನು ಅವಳು ಸುಳ್ಳು ಎಂದು ಎಣಿಸಿರಲಿಲ್ಲ, ಸೇವೆ ಎಂದು ಎಣಿಸಿದ್ದಳು. ನೆನೆದಾಗಲೆಲ್ಲ ಒಳಗೆ ಒಂದು ಬೆಚ್ಚನೆಯ ಸಂತೋಷವಾಗುತ್ತಿತ್ತು. ಈಚೆಗೆ ಅಗಾತಮ್ಮ ಆ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದರು. ಅದನ್ನೂ ಅವಳು ನಂಬಿಕೆಯೆಂದೇ ತಿಳಿದಿದ್ದಳು.

"ಕುಳಿತುಕೋ," ಎಂದರು ಮದರ್. "ಕೈ ಖಾಲಿ ಇಟ್ಟುಕೊಂಡು ಕತೆ ಕೇಳಬಾರದು. ಈ ಬತ್ತಿ ಹಿಡಿ. ಇದು ಎಲ್ಲಿಯ ಮೇಣ ಗೊತ್ತೇ?"

"ಬೆಟ್ಟದ್ದು."

"ಬಂಡೆಯದು. ಬಂಡೆಗೆ ಇಳಿಯುವವರದ್ದು."

ತೆಕ್ಲಾ ಬತ್ತಿಯನ್ನು ಅದ್ದಿದಳು. ಮೇಣದ ಘಮ ಕೋಣೆಯನ್ನು ತುಂಬಿತ್ತು. ಮದರ್ ಮೆಲ್ಲಗೆ, ಪ್ರಾರ್ಥನೆ ಒಪ್ಪಿಸುವವರ ಧ್ವನಿಯಲ್ಲಿ ಹೇಳತೊಡಗಿದರು.

ಒಂದು ಊರಿತ್ತು. ಊರಿನ ಬೆನ್ನಿಗೆ ಒಂದು ದೊಡ್ಡ ಬಂಡೆ. ಬಂಡೆಯ ಎದೆಯಲ್ಲಿ ಹೆಜ್ಜೇನಿನ ಹುಟ್ಟುಗಳು ತೂಗುತ್ತಿದ್ದವು. ಊರಿನವರು ಜೇನು ಇಳಿಸಿ ಬದುಕುವವರು. ಮೊದಲ ಹುಟ್ಟಿನ ಮೇಣವನ್ನು ಅವರು ತಮ್ಮ ಚರ್ಚಿನ ದೀಪಕ್ಕೆ ಕೊಡುತ್ತಿದ್ದರು. ಆ ಬಂಡೆಯ ಮುಂದೆ ಸದಾ ಮಂಜು. ಮಂಜಿನೊಳಗೆ ಇಳಿದವನಿಗೆ ಮೇಲೂ ಕಾಣದು, ಕೆಳಗೂ ಕಾಣದು. ನಿದ್ದೆಯಲ್ಲಿ ತೇಲಿದಂತೆ, ಲೋಕ ಹುಟ್ಟುವುದಕ್ಕೆ ಮುಂಚಿನ ಬೆಳಕಿನಲ್ಲಿ ತೂಗಿದಂತೆ ಆಗುತ್ತದೆ ಎಂದು ಇಳಿದು ಬಂದವರು ಹೇಳುತ್ತಿದ್ದರು.

ಆ ಊರಿನಲ್ಲಿ ಎರಡು ಕಟ್ಟುಪಾಡುಗಳಿದ್ದವು. ಜೇನು ಇಳಿಸುವವನ ಹಗ್ಗವನ್ನು ಅವನ ಹೆಂಡತಿಯ ತಮ್ಮನೇ ಕಾಯಬೇಕು. ಒಡಹುಟ್ಟಿದವರಿಗೆ ಹೊಲಮನೆಯ ಆಸೆ ಹುಟ್ಟಬಹುದು. ಅಕ್ಕನ ತಾಳಿ ಹೋಗಲಿ ಎಂದು ಬಯಸುವ ತಮ್ಮನಿಲ್ಲ. ಇದು ಮೊದಲನೆಯದು. ಹಗ್ಗ ಬಂಡೆಯ ಅಂಚು ದಾಟಿದ ಮೇಲೆ ಹುಡುಗಾಟದ ಮಾತು ಇಲ್ಲ. ಇದು ಎರಡನೆಯದು. ಊರೊಳಗೆ ಭಾವ ಮೈದುನರು ಒಬ್ಬರನ್ನೊಬ್ಬರು ಎಷ್ಟಾದರೂ ಕೆಣಕಲಿ, ಎಷ್ಟಾದರೂ ಬುರುಡೆ ಬಿಡಲಿ. ಅಂಚು ದಾಟಿದ ಮೇಲೆ ಮಾತ್ರ, ಮೇಲಿರುವವನು ಕಣ್ಣು ಕಂಡದ್ದನ್ನು, ಕೈ ಅರಿತದ್ದನ್ನು ಬಿಟ್ಟು ಬೇರೆ ಆಡಬಾರದು. ಏಕೆಂದರೆ ಕೆಳಗಿರುವವನಿಗೆ ಹಗ್ಗ ಕಾಣುವುದಿಲ್ಲ. ಅವನಿಗಿರುವುದು ಒಂದು ಧ್ವನಿ. ಅವನು "ಹಗ್ಗ?" ಎಂದು ಕೇಳುತ್ತಾನೆ. ಮೇಲಿನಿಂದ "ಹಗ್ಗ ಚೆನ್ನಾಗಿದೆ" ಎಂದು ಬರುತ್ತದೆ. ಅಷ್ಟನ್ನು ನಂಬಿ ಅವನು ತನ್ನ ಎರಡು ಕೈಗಳನ್ನೂ ಜೇನಿಗೆ ಕೊಡುತ್ತಾನೆ.

ಆ ಊರಿನ ಒಬ್ಬ ಜೇನುಗಾರ ಒಂದು ಮುಂಜಾನೆ ಬಂಡೆಗೆ ಹೋದ. ಅವನ ಮೈದುನ ಹಗ್ಗವನ್ನು ಮರಕ್ಕೆ ಬಿಗಿಯುತ್ತ, "ಭಾವ, ನಿನ್ನೆ ಸಾರಿಗೆ ಉಪ್ಪಿಲ್ಲ ಎಂದೆಯಂತೆ. ಹಗ್ಗ ಬಿಟ್ಟುಬಿಡು ಎಂದು ಅಕ್ಕ ಹೇಳಿ ಕಳಿಸಿದ್ದಾಳೆ," ಎಂದ.

"ಬಿಡು. ನಾಳೆಯಿಂದ ಆ ಸಾರು ನೀನೇ ಉಣ್ಣಬೇಕಾಗುತ್ತದೆ," ಎಂದ ಜೇನುಗಾರ.

ಇಬ್ಬರೂ ನಕ್ಕರು. ಹಗ್ಗ ಅಂಚು ದಾಟಿತು. ನಗು ನಿಂತಿತು.

ಜೇನುಗಾರ ಮಂಜಿನಲ್ಲಿ ಮರೆಯಾದ. ಹೊಗೆ ಎದ್ದಿತು. ಜೇನ್ನೊಣಗಳ ಮೊರೆತ ದೂರದ ಹಾಡಿನಂತೆ ಮೇಲಕ್ಕೆ ಬರುತ್ತಿತ್ತು. ಮೈದುನ ಅಂಚಿನಲ್ಲಿ ಬೋರಲು ಮಲಗಿ ಹಗ್ಗ ನೋಡುತ್ತಿದ್ದ. ಅದು ಮೂರು ಎಳೆ ಹೊಸೆದ ನಾರಿನ ಹಗ್ಗ. ಕಲ್ಲಿನ ಒಂದು ಚೂಪು ಮಗ್ಗುಲಿಗೆ ಅದು ಉಜ್ಜುತ್ತಿತ್ತು. ಅವನು ನೋಡುತ್ತಿರುವಂತೆಯೇ ಒಂದು ಎಳೆ ಹರಿಯಿತು. ಅವನು ಕೈಚಾಚುವ ಮೊದಲೇ ಎರಡನೆಯದೂ ಹರಿಯಿತು. ಹಗ್ಗ ಜಗ್ಗಿತು.

"ಹಗ್ಗ?" ಎಂದು ಕೆಳಗಿನಿಂದ ಧ್ವನಿ ಬಂತು.

ಮೈದುನನಿಗೆ ಒಂದು ಉಸಿರಿನಷ್ಟು ಹೊತ್ತಿತ್ತು. ನಿಜ ಹೇಳಿದರೆ ಭಾವ ಗಾಬರಿಯಾಗುತ್ತಾನೆ. ಗಾಬರಿಯಲ್ಲಿ ದಡಬಡ ಹತ್ತುತ್ತಾನೆ. ಉಳಿದ ಒಂದು ಎಳೆ ಆ ದಡಬಡವನ್ನು ತಾಳದು. ಅವನು ಮನೆಯ ಜಗಲಿಯಲ್ಲಿ ಕುಳಿತವನಂತೆ ಹೇಳಿದ:

"ಹಗ್ಗ ಚೆನ್ನಾಗಿದೆ, ಭಾವ. ನಿಧಾನವಾಗಿ ಬಾ."

ಭಾವ ನಿಧಾನವಾಗಿ ಬಂದ. ಹಾಡು ಗುನುಗುತ್ತ ಬಂದ. ಮೇಲೆ ಹತ್ತಿ ಕುಳಿತು, ಬೆರಳಿನ ಜೇನು ನೆಕ್ಕುತ್ತ, ಹಗ್ಗವನ್ನು ನೋಡಿದ. ಹರಿದ ಎಳೆಗಳನ್ನು ಬೆರಳಲ್ಲಿ ಎತ್ತಿ ಹಿಡಿದ. ಆಮೇಲೆ ನಗತೊಡಗಿದ. ಮೈದುನನೂ ನಕ್ಕ. ಇಬ್ಬರೂ ಬಂಡೆಯ ಮೇಲೆ ಮಲಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅಂದು ಊರಿನಲ್ಲಿ ಹಬ್ಬವಾಯಿತು. ಅಕ್ಕ ತಮ್ಮನ ಕಾಲು ತೊಳೆದಳು. ಹಿರಿಯರು ಅವನನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ಅಂಚು ದಾಟಿದ ಮೇಲಿನ ಕಟ್ಟುಪಾಡನ್ನು ಯಾರೂ ನೆನೆಯಲಿಲ್ಲ. ಮೈದುನನಿಗೆ ಒಮ್ಮೆ ನೆನಪಾಯಿತು. ಪಾಪನಿವೇದನೆಗೆ ಹೋಗಬೇಕೇ ಎಂದು ಯೋಚಿಸಿದ. ಹೋಗಿ ಏನೆಂದು ಹೇಳುವುದು? ಸುಳ್ಳು ಹೇಳಿದೆ ಸ್ವಾಮಿ, ಅದರಿಂದ ಭಾವ ಬದುಕಿದ ಎಂದೇ? ಪಾದ್ರಿಯವರೂ ನಕ್ಕಾರು. ಅವನು ಹೋಗಲಿಲ್ಲ.

ಆ ವರ್ಷವೆಲ್ಲ ಅವನನ್ನು ಮನೆಮನೆಗೆ ಊಟಕ್ಕೆ ಕರೆದರು. ಊಟವಾದ ಮೇಲೆ, "ಆ ಮಾತು ಹೇಗೆ ಹೇಳಿದೆ, ಇನ್ನೊಮ್ಮೆ ಹೇಳು," ಎನ್ನುತ್ತಿದ್ದರು. ಅವನು ಹೇಳುತ್ತಿದ್ದ. ಹೇಳಿದಂತೆಲ್ಲ ಆ ಧ್ವನಿ ಇನ್ನಷ್ಟು ಸಮವಾಯಿತು, ಇನ್ನಷ್ಟು ಶಾಂತವಾಯಿತು. ಹುಡುಗಿಯರು ಉಯ್ಯಾಲೆ ಆಡುವಾಗ "ಹಗ್ಗ ಚೆನ್ನಾಗಿದೆ, ಭಾವ" ಎಂದು ಕೂಗಿ ನಗುತ್ತಿದ್ದರು. ಜೇನುಗಾರನೇ ಎಲ್ಲರಿಗಿಂತ ಹೆಚ್ಚಾಗಿ ಹೇಳಿಕೊಂಡು ತಿರುಗಿದ. "ನಾನು ಇಳಿಸಿದ ಯಾವ ಜೇನೂ ಇವನ ಸುಳ್ಳಿನಷ್ಟು ಸಿಹಿಯಿಲ್ಲ," ಎನ್ನುತ್ತಿದ್ದ.

ಮರುವರ್ಷ ಇಬ್ಬರೂ ಕೂಡಿ ಹೊಸ ಹಗ್ಗ ಹೊಸೆದರು. ಆನೆ ಕಟ್ಟಿದರೂ ಹರಿಯದ ಹಗ್ಗ. ಚೂಪು ಕಲ್ಲನ್ನು ಉಜ್ಜಿ ಮಟ್ಟ ಮಾಡಿದರು, ಅದರ ಮೇಲೆ ಚರ್ಮ ಹಾಸಿದರು. ಜೇನುಗಾರ ಇಳಿದ. ಮಂಜು ಅವನನ್ನು ಒಳಗೆ ಕರೆದುಕೊಂಡಿತು.

ಜೇನು ಇಳಿಸಿ ಅವನು ಮೇಲಕ್ಕೆ ಹೊರಟಾಗ, ಮರದ ಬುಡದಲ್ಲಿ ಹಗ್ಗದ ಗಂಟು ಒಂದು ಗೇಣು ಜರುಗಿ ಬಿಗಿಯಾಯಿತು. ಹೊಸ ಹಗ್ಗದ ಗಂಟು ಹಾಗೆ ಜರುಗುವುದುಂಟು. ಹಗ್ಗ ಜಗ್ಗಿತು.

"ಹಗ್ಗ?"

ಮೈದುನ ಗಂಟು ನೋಡಿದ. ಹಗ್ಗದ ಉದ್ದಕ್ಕೂ ಕೈಯಾಡಿಸಿದ. ಒಂದು ನಾರೂ ಎದ್ದಿರಲಿಲ್ಲ.

"ಹಗ್ಗ ಚೆನ್ನಾಗಿದೆ, ಭಾವ. ನಿಧಾನವಾಗಿ ಬಾ."

ಅವನ ಬಾಯಿಂದ ಬಂದದ್ದು ಅದೇ ಮಾತು, ಅದೇ ಧ್ವನಿ. ಒಂದು ವರ್ಷ ಮನೆಮನೆಯಲ್ಲಿ ಆಡಿ ಆಡಿ ನಯವಾದ ಧ್ವನಿ. ಅವನಿಗೆ ಬೇರೆ ಧ್ವನಿ ಉಳಿದಿರಲಿಲ್ಲ.

ಕೆಳಗೆ ಜೇನ್ನೊಣಗಳ ಮೊರೆತ ಮಾತ್ರ.

"ನಿಜವಾಗಿ?" ಎಂದು ಕೊನೆಗೆ ಕೇಳಿತು.

"ನಿಜವಾಗಿ, ಭಾವ."

"ಅವತ್ತೂ ಹೀಗೇ ಅಂದಿದ್ದೆ."

"ಅವತ್ತಿನದು ಬೇರೆ. ಇದು ನಿಜ. ಶಿಲುಬೆಯ ಆಣೆ. ಅಕ್ಕನ ಆಣೆ."

ಆಣೆಯಿಟ್ಟ ಕೂಡಲೇ ಅವನಿಗೆ ತಿಳಿಯಿತು. ಹಗ್ಗ ಹರಿಯುತ್ತಿದ್ದರೂ ತಾನು ಇದೇ ಆಣೆ ಇಡುತ್ತಿದ್ದೆ. ಅದು ತನಗೆ ಗೊತ್ತಿರುವಷ್ಟೇ ಭಾವನಿಗೂ ಗೊತ್ತು. ಅವನು ಮಂಜಿನೊಳಗೆ ಬಗ್ಗಿ ಬೇರೆ ಮಾತು ಹುಡುಕಿದ. ಉಪ್ಪಿಲ್ಲದ ಸಾರಿನ ಮಾತು ನೆನಪಿಗೆ ಬಂತು. ಬೈಗುಳ ನೆನಪಿಗೆ ಬಂತು. ಹಗ್ಗ ಚೆನ್ನಾಗಿದೆ ಎಂದು ನಂಬಿಸುವ ಮಾತು ಯಾವುದೂ ಸಿಗಲಿಲ್ಲ.

ಕೆಳಗಿನ ಧ್ವನಿ ಈಗ ಮೃದುವಾಗಿತ್ತು. ಮಗುವನ್ನು ಸಮಾಧಾನ ಮಾಡುವಂತಿತ್ತು.

"ನೀನು ಒಳ್ಳೆಯವನು, ಮೈದುನ," ಎಂದಿತು.

ಬಂಡೆಯ ಬಿರುಕಿನಲ್ಲಿ ಒಂದು ಅತ್ತಿಯ ಬೇರು ಇತ್ತು. ಜೇನುಗಾರ ಅದನ್ನು ಹಿಡಿದು, ಸೊಂಟದ ಹಗ್ಗ ಬಿಚ್ಚಿಕೊಂಡ. ಬೇರು ಅವನನ್ನು ಸ್ವಲ್ಪ ಹೊತ್ತು ತಾಳಿತು. ಮೇಲೆ ಮೈದುನನ ಕೈಯಲ್ಲಿ ಹಗ್ಗ ಹಗುರವಾಯಿತು.

ಅವನು ಹಗ್ಗವನ್ನು ಎಳೆದುಕೊಂಡ. ಅದು ಪೂರ್ತಿಯಾಗಿ ಬಂತು. ಮಂಜಿನ ಹನಿ ಹೊತ್ತು, ತುದಿಯವರೆಗೆ ಗಟ್ಟಿಯಾಗಿ ಬಂತು. ಅದನ್ನು ಹೆಗಲಿಗೆ ಹಾಕಿಕೊಂಡು ಊರಿಗೆ ಇಳಿದ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಹಗ್ಗ ಹರಿಯಿತೇ?" ಎಂದು ಕೇಳಿದಳು.

"ಹಗ್ಗ ಚೆನ್ನಾಗಿತ್ತು, ಅಕ್ಕ."

ಅವಳು ಅವನ ಹೆಗಲಿನಿಂದ ಹಗ್ಗ ತೆಗೆದುಕೊಂಡು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಆಮೇಲೆ ಅದನ್ನು ಅವನ ಕಾಲಿನ ಬಳಿ ಇಟ್ಟಳು.

"ಹರಿದದ್ದನ್ನು ಎಲ್ಲಿ ಬಚ್ಚಿಟ್ಟೆ?" ಎಂದಳು.

ಅವಳು ಅವನನ್ನು ಬೈಯಲಿಲ್ಲ. ತನಗೆ ನೋವಾಗದಿರಲಿ ಎಂದು ತಮ್ಮನು ಬೇರೊಂದು ಹಗ್ಗ ತಂದಿದ್ದಾನೆ ಎಂದೇ ಕೊನೆಯವರೆಗೂ ತಿಳಿದಿದ್ದಳು. ಊರೂ ಹಾಗೆಯೇ ತಿಳಿಯಿತು. ಅವನು ನಿಜ ಹೇಳುತ್ತಲೇ ಮುದುಕನಾದ. ಜನ ಅವನನ್ನು ಪ್ರೀತಿಯಿಂದಲೇ ನೋಡಿಕೊಂಡರು. ಅವನು ಬಾಯಿ ತೆರೆದಾಗಲೆಲ್ಲ ಮುಗುಳ್ನಕ್ಕು, ಹೌದಪ್ಪ ಹೌದು ಎಂದು ಅವನ ಬೆನ್ನು ತಟ್ಟುತ್ತಿದ್ದರು.

ಮದರ್ ಕತೆ ನಿಲ್ಲಿಸಿದರು. ಒಲೆಯಲ್ಲಿ ಕೆಂಡ ಕುಸಿಯಿತು. ತೆಕ್ಲಾಳ ಕೈಯಲ್ಲಿದ್ದ ಬತ್ತಿ ಮೇಣದೊಳಗೇ ಉಳಿದು ಬಾಗಿಹೋಗಿತ್ತು. ಅವಳಿಗೆ ಅದು ಕಾಣಲಿಲ್ಲ. ಬಾಗಿಲಿನ ಆಚೆಯ ಮಂಜಿನಲ್ಲಿ ಒಬ್ಬ ಮನುಷ್ಯ ಇನ್ನೂ ತೂಗುತ್ತಿದ್ದಾನೆ, ಅವನಿಗೆ ಕೇಳುವಂತೆ ಏನಾದರೂ ಹೇಳಬೇಕು ಎಂದು ಅವಳಿಗೆ ಅನಿಸುತ್ತಿತ್ತು.

"ಮೊದಲ ದಿನ ಅವನು ನಿಜ ಹೇಳಿದ್ದರೆ ಭಾವ ಅಂದೇ ಸಾಯುತ್ತಿದ್ದನಲ್ಲವೇ, ಮದರ್?"

"ಸಾಯುತ್ತಿದ್ದನೋ ಏನೋ. ಆ ಒಂದು ಉಸಿರಿನ ನ್ಯಾಯ ದೇವರಿಗೆ ಬಿಟ್ಟದ್ದು. ನಾನು ಅಲ್ಲಿ ಕೂತು ತೀರ್ಪು ಕೊಡುವವಳಲ್ಲ. ಸುಳ್ಳು ಸುಳ್ಳೇ. ಪ್ರೀತಿಯಿಂದ ಆಡಿದರೆ ಅದು ಪ್ರೀತಿಯ ಸುಳ್ಳಾಗುತ್ತದೆ, ನಿಜವಾಗುವುದಿಲ್ಲ. ಆದರೆ ಆ ಒಂದು ಉಸಿರಾದ ಮೇಲೆ ಒಂದು ವರ್ಷವಿತ್ತು. ಮೇಲೆ ಬಂದ ಭಾವನ ಕೈ ಹಿಡಿದು, ಅಂಚು ದಾಟಿದ ಮೇಲೆ ನಿನಗೆ ಸುಳ್ಳು ಹೇಳಿದೆ, ನನ್ನನ್ನು ಕ್ಷಮಿಸು ಎಂದು ಕೇಳಬಹುದಿತ್ತು. ಭಾವ ನಗುತ್ತಿದ್ದ. ಮೈದುನ ಮಾತ್ರ ನಗಲಿಲ್ಲ ಎಂಬುದು ಅವನ ನೆನಪಿನಲ್ಲಿ ಉಳಿಯುತ್ತಿತ್ತು. ಮರುವರ್ಷ ಮಂಜಿನಲ್ಲಿ ಹಿಡಿದುಕೊಳ್ಳಲು ಅವನಿಗೆ ಅಷ್ಟು ಸಾಕಾಗುತ್ತಿತ್ತು."

ಮದರ್ ಅವಳ ಕೈಯಿಂದ ಬಾಗಿದ ಬತ್ತಿಯನ್ನು ತೆಗೆದುಕೊಂಡರು. ಬಿಸಿಯಿರುವಾಗಲೇ ಅದನ್ನು ಹಲಗೆಯ ಮೇಲೆ ಉರುಳಿಸಿ ನೇರ ಮಾಡಿದರು. ಕಣ್ಣು ಮುಚ್ಚಿ, ಬುಡದಿಂದ ತುದಿಯವರೆಗೆ ಹೆಬ್ಬೆರಳು ಆಡಿಸಿ, ನಯವಾಗಿದೆಯೇ ಎಂದು ನೋಡಿದರು.

ಮೇಲಿನ ಕೋಣೆಯಲ್ಲಿ ಅಗಾತಮ್ಮ ಜಪಮಾಲೆ ಹೇಳುವ ಸದ್ದು ಸಣ್ಣಗೆ ಕೇಳಿಬರುತ್ತಿತ್ತು. ತೆಕ್ಲಾ ಅದನ್ನು ಸ್ವಲ್ಪ ಹೊತ್ತು ಆಲಿಸಿದಳು. ನಾಳೆ ಬೆಳಿಗ್ಗೆ ಜೀಪು ಹೊರಡುತ್ತದೆ. ಅದರೊಳಗೆ ಆ ಮುದುಕಿ ಕುಳಿತಿರಬೇಕು. ತೆಕ್ಲಾಳಿಗೆ ಬೇಕಾದದ್ದು ಅಷ್ಟೇ.

"ಅಗಾತಮ್ಮನ ವಿಷಯ ಬೇರೆ, ಮದರ್," ಎಂದಳು. "ನಾನು ಹೇಳಿದ್ದನ್ನು ಅವರು ನಂಬಿದ್ದಾರೆ. ಕತ್ತರಿಗೆ ಹೆದರಿದ್ದಾರೆ, ಅಷ್ಟೇ."

ಮದರ್ ಬತ್ತಿಯನ್ನು ಅವಳ ಕೈಗೆ ಮರಳಿ ಕೊಟ್ಟರು.

"ಪೊರೆ ಬಂದಿರುವುದು ಅಗಾತಮ್ಮನ ಕಣ್ಣಿಗೆ, ಮಗು, ಹೊಲಿಯುವ ಬೆರಳಿಗಲ್ಲ."